ಪಿತ್ತ ಎದ್ದಿತ್ತೇನ್ರಿ?

ಬೆಳಗಿನ ಆರು ಗಂಟೆ. ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ ಮಂಗಳವ್ವ, ಇಂದು ಹರ್ನಿಯಾ ಆಪರೇಷನ್ ಇರುವ ಕಾಗಿನೆಲೆಯ ಹೊಳಿಯಪ್ಪನಿಗೆ ಹಸಿರು ಗೌನು ತೊಡಿಸುತ್ತಿದ್ದಾರೆ. ಲಾಡಿ ಕಟ್ಟುತ್ತಲೇ ಕೇಳುತ್ತಾರೆ: "ಗುಳಿಗಿ, ಸೂಜಿ ತಗೊಂಡಾಗ ಯಾವತ್ತರೆ ಮೈಮ್ಯಾಗ ಪಿತ್ತ ಎದ್ದಿತ್ತೇನ್ರಿ?"

ಎದ್ದಿತ್ತಂತೆ. ಹೋದ ವರ್ಷ ಕಾಲಿಗೆ ಕುಡುಗೋಲು ತಾಗಿ ಸೂಜಿ ಮಾಡಿಸಿಕೊಂಡಾಗ ಮೈತುಂಬ ದದ್ದೆದ್ದು ತುಟಿಯೂ ಬಾತಿತ್ತಂತೆ. ಅರ್ಧ ಗಂಟೆ ಮೊದಲು ನರ್ಸ್ 'ಅಲರ್ಜಿ ಇದೆಯಾ' ಎಂದಾಗ ಇದೇ ಹೊಳಿಯಪ್ಪ ಇಲ್ಲ ಎಂದಿದ್ದ. ಸುಳ್ಳೇನಲ್ಲ. ನಮ್ಮ ಕಡೆ ದದ್ದೆದ್ದರೆ ಅದು ಪಿತ್ತ. ಅಲರ್ಜಿ ಎಂದರೆ ಧೂಳಿಗೆ ಸೀನು ಬರುವುದು. ಮಂಗಳವ್ವ ಡಾಕ್ಟರ ಬಳಿ ಓಡುತ್ತಾರೆ. ಗಾಯ ಕೀವಾಗದಿರಲೆಂದು ಕೊಯ್ಯುವ ಮೊದಲು ಕೊಡುವ ಆಂಟಿಬಯಾಟಿಕ್ ಬದಲಾಗುತ್ತದೆ. ಭೇಷ್ ಅನ್ನುವವರು ಯಾರೂ ಇಲ್ಲ.

ಮಂಗಳವ್ವನವರ ತಂಗಿ ದುರ್ಗವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವಳು. ಹಲ್ಲುನೋವಿನ ಗುಳಿಗೆ ನುಂಗಿ ಮೈಯೆಲ್ಲ ದದ್ದೆದ್ದಾಗ ಮನೆಯವರು ಮೆಣಸಿನಕಾಯಿಯ ಘಾಟನ್ನು ಬೈದು ಕೊಬ್ಬರಿ ಎಣ್ಣೆ ಹಚ್ಚಿದರು. ಮುಂದೆ ಬೇರೊಂದು ಆಸ್ಪತ್ರೆಯಲ್ಲಿ ಗರ್ಭಕೋಶದ ಆಪರೇಷನ್ನಿಗೆ ಮೊದಲು ಅದೇ ಜಾತಿಯ ಔಷಧಿ ನರಕ್ಕೆ ಹೋಯಿತು. ಗಂಟಲು ಬಾತು, ಬಿ.ಪಿ. ಕುಸಿದು, ಕತ್ತರಿ ಮುಟ್ಟುವ ಮುಂಚೆಯೇ ದುರ್ಗವ್ವ ಹೋಗಿಬಿಟ್ಟಳು. ಮೊದಲೇ ಹೇಳಬೇಕಿತ್ತು ಎಂದರಂತೆ ಡಾಕ್ಟರು. ಯಾವ ಮಾತಿನಲ್ಲಿ ಹೇಳಬೇಕಿತ್ತು, ಸ್ವಾಮಿ?

"ಅಲರ್ಜಿ ಐತೇನು ಅಂತ ಕೇಳಿದ್ರು. ತಂಗಿ ನನ್ನ ಮಾರಿ ನೋಡಿದ್ಲು. ಇಲ್ಲಂತ ನಾನಽ ಹೇಳಿದ್ನಿ," ಎನ್ನುತ್ತಾರೆ ಮಂಗಳವ್ವ. ಆ ವರ್ಷವೇ ಆಯಾ ಕೆಲಸ ಕೇಳಿಕೊಂಡು ಇಲ್ಲಿಗೆ ಬಂದರು.

ಒಂಬತ್ತು ವರ್ಷವಾಯಿತು. ದಿನಕ್ಕೆ ಏಳೆಂಟು ಮಂದಿಯನ್ನು ಕೇಳುತ್ತಾರೆ. ತಿಂಗಳಿಗೆ ಒಬ್ಬರೋ ಇಬ್ಬರೋ ಹೌದು ಎನ್ನುತ್ತಾರೆ. ರೋಗಿಯ ಫಾರ್ಮಿನಲ್ಲಿ ಈ ಪ್ರಶ್ನೆಯನ್ನೂ ಅಚ್ಚು ಹಾಕಿಸಿ ಎಂದು ಮೂರು ಸಲ ಬೇಡಿಕೊಂಡಿದ್ದಾರೆ. ನೆಲ ಒರೆಸುವವಳು ಡಾಕ್ಟರಿಕೆ ಕಲಿಸಬೇಡ ಎಂದು ಮೂರು ಸಲವೂ ಬೈಸಿಕೊಂಡಿದ್ದಾರೆ. ಬೆಂಕಿ ಬೀಳಲಿ ಆ ದೊಡ್ಡಸ್ತಿಕೆಗೆ! ಈಗ ವಯಸ್ಸು ಅರವತ್ತಾಯಿತೆಂದು ಈ ತಿಂಗಳ ಕೊನೆಗೆ ಕೆಲಸದಿಂದ ಬಿಡಿಸುತ್ತಿದ್ದಾರೆ. ಫಾರ್ಮು ಹಾಗೆಯೇ ಇದೆ.

ಪತ್ರಿಕೆಗೆಂದು ಫೋಟೋ ತೆಗೆಯಹೋದರೆ ಮಂಗಳವ್ವ ಸೆರಗು ಅಡ್ಡ ಹಿಡಿಯುತ್ತಾರೆ.

"ಮುಂದಿನ ತಿಂಗಳಿಂದ ಇಲ್ಲಿ ಕೇಳೋರು ಯಾರೂ ಇಲ್ರಿ. ನನ್ನ ಫೋಟೋ ಬ್ಯಾಡ. ಆ ಜಾಗಾದಾಗ ನಾ ಕೇಳೂ ಮಾತು ದೊಡ್ಡ ಅಕ್ಷರದಾಗ ಹಾಕ್ರಿ. ಓದಾಕ ಬರೋರು ಬರದೋರಿಗೆ ಹೇಳ್ಲಿ."