ನವೆಂಬರ್ ಇಪ್ಪತ್ತನಾಲ್ಕರ ಚಳಿಗಾಲ

ಬೆಳಗಿನ ಆರು ಗಂಟೆ. ಗಂಟೆ ಮಾತ್ರ ಬೆಳಗಿನದು. ಬೆಳಗು ಉತ್ತರ ಧ್ರುವದ ಹತ್ತಿರದ ಈ ಲಾಂಗ್‌ಯೀರ್‌ಬ್ಯೆನ್ ಊರಿಗೆ ಬರಲು ಇನ್ನೂ ಐದು ವಾರ ಬೇಕು. ಬಂದರಿನ ಹಿಂದಿನ ಶೆಡ್ಡಿನಲ್ಲಿ ಹಣೆಗೆ ದೀಪ ಕಟ್ಟಿಕೊಂಡ ಹೆಂಗಸೊಬ್ಬರು ಹಿಮದ ಜಾರುಬಂಡಿಯ ಹಗ್ಗ ಬಿಗಿಯುತ್ತಾರೆ, ಎಳೆದು ನೋಡುತ್ತಾರೆ, ಬಿಚ್ಚುತ್ತಾರೆ, ಮತ್ತೆ ಬಿಗಿಯುತ್ತಾರೆ. ಹಗ್ಗದಲ್ಲಿ ಯಾವ ದೋಷವೂ ಇಲ್ಲ. ಅವರನ್ನು ನಿಂತಲ್ಲಿ ನಿಲ್ಲಲು ಬಿಡದಿರುವುದು ಕಿಟಕಿಯ ಹಲಗೆಯ ಮೇಲಿರುವ ಒಂದು ಕಾಗದ.

ಇವರು ರಾಗ್ನಾ ಟ್ವೈಟ್, ವಯಸ್ಸು ಐವತ್ತೆಂಟು. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಒಳನಾಡಿನಲ್ಲಿ ಪರ್ವತ ಹತ್ತುವವರಿಗೆ ಬೇಕಾದ ಊಟ, ಸೀಮೆಎಣ್ಣೆ, ಔಷಧಿಯನ್ನು ಮುಂಚೆಯೇ ಒಯ್ದು ಹಿಮನದಿಯ ಮೇಲೆ ಹೂತಿಟ್ಟು ಬರುವುದು ಇವರ ಕೆಲಸ. ಹತ್ತಿದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಹೊತ್ತವರದು ಬರುವುದಿಲ್ಲ.

ಇಪ್ಪತ್ತಾರು ವರ್ಷದಿಂದ ಇದೇ ದುಡಿಮೆ. ಒಂದು ಸಲಕ್ಕೆ ಎರಡು ಜಾರುಬಂಡಿ, ಮುನ್ನೂರೆಂಬತ್ತು ಕಿಲೊ ಸಾಮಾನು, ಮುಂದೆ ಎಳೆಯುವ ಹಿಮ ಸ್ಕೂಟರ್, ಬೆನ್ನಿಗೆ ಕರಡಿಗೆಂದು ಬಂದೂಕು. ಸ್ಟಿಗ್‌ನೂಟನ್ ಶಿಖರದ ಬುಡಕ್ಕೆ ನೂರ ನಲವತ್ತು ಕಿಲೋಮೀಟರು. ಒಳ್ಳೆಯ ದಿನವಾದರೆ ಒಂಬತ್ತು ಗಂಟೆಯ ದಾರಿ. "ಒಳ್ಳೆ ದಿನ ಅಂದ್ರೆ ಮೂಗು ಮನೇವರೆಗೂ ಜೊತೇಲೇ ಬಂದ ದಿನ," ಎನ್ನುತ್ತಾರೆ. ಎಡಗಾಲಿನ ಎರಡು ಬೆರಳು ಹಾಗೆ ಜೊತೆಯಲ್ಲಿ ಬರಲಿಲ್ಲ.

ದಕ್ಷಿಣ ನಾರ್ವೆಯ ಹಾರ್ಡಾಂಗರ್‌ನ ಸೇಬಿನ ತೋಟಗಳ ನಡುವೆ ಹುಟ್ಟಿ, ಇಲ್ಲಿನ ಕಲ್ಲಿದ್ದಲ ಗಣಿಯ ಅಡುಗೆಮನೆಗೆಂದು ಬಂದವರು. ಒಲೆಯ ಮುಂದೆ ಒಂದು ವರ್ಷವೂ ನಿಲ್ಲಲಾಗಲಿಲ್ಲ. "ಆಲೂಗಡ್ಡೆ ಸುಲೀತಾ ಸುಲೀತಾ ನನ್ನ ಸಿಪ್ಪೇನೇ ಸುಲಿದಂಗಾಯ್ತು. ಅದೇ ಊಟಾನ ಹೊತ್ಕೊಂಡು ಹೊರಗೆ ಹೊರಟೆ." ಕಲಿತ ವಿದ್ಯೆಯನ್ನು ಒಂದೇ ಸಾಲಿನಲ್ಲಿ ಹೇಳುತ್ತಾರೆ: "ಕರಡಿಗೆ ವಾಸನೆ ಸಿಗಬಾರ್ದು, ಮನುಷ್ಯಂಗೆ ಜಾಗ ಸಿಗಬೇಕು." ಅದಕ್ಕಾಗಿ ಬಿಗಿಮುಚ್ಚಳದ ಲೋಹದ ಪೆಟ್ಟಿಗೆ, ಅದರ ಪಕ್ಕ ಉದ್ದನೆಯ ಬಿದಿರು, ತುದಿಗೆ ಕೆಂಪು ಬಟ್ಟೆ. ಜೊತೆಗೆ ದಿನಚರಿಯಲ್ಲಿ ಎರಡೇ ಮಾತು: ಹೂತ ತಾರೀಖು, ಅಂದು ಹಿಮದ ಮೇಲೆ ಕಂಡ ಬಿದಿರಿನ ಎತ್ತರ.

ಆ ತಾರೀಖೇ ಈಗ ರಗಳೆ ಎಬ್ಬಿಸಿರುವುದು. ಜನವರಿ ಹದಿನಾಲ್ಕರಂದು ಐಲಿಫ್ ಎಂಬ ಓಸ್ಲೊದ ಆರೋಹಿ, ಒಬ್ಬ ಜೊತೆಗಾರನೊಂದಿಗೆ ಸ್ಟಿಗ್‌ನೂಟನ್ ಹತ್ತಿದ. ಚಳಿಗಾಲದಲ್ಲಿ ಅದನ್ನು ಯಾರೂ ಹತ್ತಿರಲಿಲ್ಲ. ಇದನ್ನು ಮೊದಲ ಚಳಿಗಾಲದ ಆರೋಹಣವೆಂದು ದಾಖಲಿಸಬೇಕೆಂದು ಅವನು ಓಸ್ಲೊದ ಆರೋಹಿಗಳ ಕ್ಲಬ್ಬಿಗೆ ಬರೆದ. ಕ್ಲಬ್ಬು ರಾಗ್ನಾ ಅವರಿಗೆ ಬರೆದದ್ದೇ ಕಿಟಕಿಯ ಮೇಲಿನ ಆ ಕಾಗದ: ದಾಸ್ತಾನು ಹೂತದ್ದು ಯಾವತ್ತು? ಇಂದು ಮಧ್ಯಾಹ್ನದೊಳಗೆ ತಿಳಿಸಿ.

ಕ್ಲಬ್ಬಿನ ಚಳಿಗಾಲ ಡಿಸೆಂಬರ್ ಇಪ್ಪತ್ತೊಂದಕ್ಕೆ ಬಾಗಿಲು ತೆರೆದು ಮಾರ್ಚ್ ಇಪ್ಪತ್ತಕ್ಕೆ ಮುಚ್ಚುತ್ತದೆ. ಕಾಲು, ಡೇರೆ, ಕೊನೆಯ ಬಿಸ್ಕತ್ತು, ಎಲ್ಲವೂ ಆ ಬಾಗಿಲಿನಿಂದಲೇ ಒಳಗೆ ಹೋಗಿರಬೇಕು; ಅದಕ್ಕೆ ಮುಂಚೆ ಹೂತ ದಾಸ್ತಾನು ತಿಂದು ಹತ್ತಿದರೆ ಲೆಕ್ಕಕ್ಕಿಲ್ಲ. ಹವಾಮಾನದವರ ಚಳಿಗಾಲ ಡಿಸೆಂಬರ್ ಒಂದಕ್ಕೇ ಕೆಲಸಕ್ಕೆ ಹಾಜರ್. ಈ ಊರಿನದು ಅಕ್ಟೋಬರ್ ಕೊನೆಗೆ ಸೂರ್ಯ ಮುಳುಗಿ ಮರುದಿನ ಏಳದೆ ಹೋದಾಗಲೇ ಶುರು. ಹೀಗೆ ಚಳಿಗಾಲಕ್ಕೆ ಮೂರು ಕಾಲು, ಒಂದೊಂದು ಒಂದೊಂದು ಕಡೆ. ಐಲಿಫ್ ಅಕ್ಟೋಬರಿನಲ್ಲಿ ಬರೆದಿದ್ದು, "ಚಳಿಗಾಲ ಶುರುವಾದ ಮೇಲೆ ದಾಸ್ತಾನು ಇಟ್ಟುಬಿಡು" ಎಂದು. ರಾಗ್ನಾ ಇಟ್ಟದ್ದು ನವೆಂಬರ್ ಇಪ್ಪತ್ತನಾಲ್ಕಕ್ಕೆ. ಸೂರ್ಯ ಹೋಗಿ ಆಗಲೇ ತಿಂಗಳಾಗಿತ್ತು; ಮೈನಸ್ ಇಪ್ಪತ್ತೇಳು ಡಿಗ್ರಿ. ಇದು ಚಳಿಗಾಲವೋ ಅಲ್ಲವೋ ಎಂದು ಇನ್ನೊಬ್ಬರನ್ನು ಕೇಳಬೇಕೆಂದು ಈ ಊರಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಏಳು ಗಂಟೆಗೆ ಐಲಿಫ್ ಶೆಡ್ಡಿಗೆ ಬರುತ್ತಾನೆ. ಹಿಮ ಕಚ್ಚಿದ ಬೆರಳುಗಳಿಗೆ ಬಟ್ಟೆ ಸುತ್ತಿದೆ. ಅವನೂ ಕೂರುವುದಿಲ್ಲ, ಇವರೂ ಕೂರುವುದಿಲ್ಲ. ಇಬ್ಬರೂ ಜಾರುಬಂಡಿಯ ಸುತ್ತ ಸುತ್ತುತ್ತಾರೆ.

"ರಾಗ್ನಾ, ಡಿಸೆಂಬರ್ ಇಪ್ಪತ್ತೆರಡು ಅಂತ ಬರೀ. ಅಷ್ಟೇ ಸಾಕು."

"ಅವತ್ತು ನಾನು ಮನೇಲಿ ಕ್ರಿಸ್ಮಸ್ಸಿಗೆ ಹಂದಿ ಪಕ್ಕೆ ಉಪ್ಪಿಗೆ ಹಾಕ್ತಿದ್ದೆ."

"ತಮಾಷೆ ಬೇಡ. ನಾಲ್ಕು ವಾರದ ಮಾತು. ಯಾರು ನೋಡಿದ್ರು?"

"ಯಾರೂ ನೋಡಿಲ್ಲ. ಅದಕ್ಕೇ ಅಲ್ವಾ ಬರೆದಿಡೋದು!"

ಅವನು ಸುತ್ತಿದ ಬೆರಳುಗಳನ್ನು ಅವರ ಮುಖದ ಮುಂದೆ ಹಿಡಿಯುತ್ತಾನೆ. "ಇವು ಚಳಿಗಾಲ ಅಲ್ವಾ? ಇವುಕ್ಕೆ ಕ್ಯಾಲೆಂಡರ್ ತೋರಿಸ್ಲಾ?"

ರಾಗ್ನಾ ಹಗ್ಗ ಬಿಡುತ್ತಾರೆ. ರಾಗ ಎಳೆಯುವವರನ್ನು ಕಂಡರೆ ಅವರಿಗಾಗದು; ಆದರೆ ಇದು ರಾಗವಲ್ಲ ಎಂದು ಅವರಿಗೆ ಗೊತ್ತು. "ನೀನು ಹತ್ತಿದ್ದು ಚಳಿಗಾಲದಲ್ಲೇ ಕಣೋ. ಯಾರೇ ಕೇಳಿದ್ರೂ ಹೇಳ್ತೀನಿ. ತಪ್ಪು ನಂದೂ ಇದೆ, ಯಾವ ಚಳಿಗಾಲ ಅಂತ ಕೇಳ್ಬೇಕಿತ್ತು. ಆದ್ರೆ ನೀನು ತಿಂದು ಉಳಿದ ಎರಡು ಪೆಟ್ಟಿಗೆ ಇನ್ನೂ ಅಲ್ಲೇ ಇದೆ. ಮಾರ್ಚಲ್ಲಿ ಸ್ಕೀ ತಂಡ ಬರುತ್ತೆ, ಅದನ್ನೇ ನಂಬ್ಕೊಂಡು. ನನ್ನ ದಿನಚರಿ ನೋಡಿ ಅವತ್ತಿಂದ ಹಿಮ ಎಷ್ಟು ಬಿದ್ದಿದೆ ಅಂತ ಲೆಕ್ಕ ಹಾಕ್ತಾರೆ. ತಾರೀಖು ಸುಳ್ಳಾದ್ರೆ ಲೆಕ್ಕ ಸುಳ್ಳು. ಬಿದಿರು ಮುರಿದಿದ್ರೆ, ಹಸ್ಕೊಂಡು ಅಗೀತಾನೇ ಇರ್ಬೇಕು."

"ದಿನಚರೀಲಿ ನಿಜ ಇರ್ಲಿ. ಕ್ಲಬ್ಬಿಗೆ ಮಾತ್ರ ಬೇರೆ ಬರೀ."

"ಎರಡು ತಾರೀಖು ಇಟ್ಕೊಂಡ್ರೆ ಎರಡನ್ನೂ ಯಾರೂ ನಂಬಲ್ಲ."

"ಹಂಗಾದ್ರೆ ಓಸ್ಲೊದಿಂದ ಇನ್ನು ಯಾರೂ ನಿನ್ನ ಕರೆಯಲ್ಲ, ನೆನಪಿಟ್ಕೋ." ಬಾಗಿಲು ಬಡಿದುಕೊಳ್ಳುತ್ತದೆ.

ಅವರ ಹೊಟ್ಟೆಪಾಡಿನಲ್ಲಿ ಮುಕ್ಕಾಲು ಪಾಲು ಓಸ್ಲೊದವರದ್ದೇ. ರಾಗ್ನಾ ಕಂದು ಚೀಸ್ ಹಚ್ಚಿದ ಬ್ರೆಡ್ಡನ್ನು ಎರಡು ಸಲ ಕಚ್ಚಿ ಕೆಳಗಿಡುತ್ತಾರೆ. ಸ್ಕೂಟರ್ ಶುರುಮಾಡಿ ಆರಿಸುತ್ತಾರೆ. ಪೆಟ್ಟಿಗೆ ಎಣಿಸುತ್ತಾರೆ, ಎಷ್ಟು ಸಲ ಎಣಿಸಿದರೂ ಹನ್ನೊಂದೇ. ಹತ್ತೂವರೆಗೆ ಕೈಗವಸು ತೆಗೆದು, ಒಂದೇ ಬೆರಳಿನಲ್ಲಿ ಫೋನಿನ ಮೇಲೆ ಕುಟ್ಟುತ್ತಾರೆ. "ನವೆಂಬರ್ 24, ಮಧ್ಯಾಹ್ನ ಎರಡು. ಬಿದಿರು ಎರಡು ಮೀಟರ್ ಹೊರಗೆ. ಅವರಿಬ್ಬರೂ ಹತ್ತಿದ್ದು ಕಗ್ಗತ್ತಲಲ್ಲಿ, ಚೆನ್ನಾಗಿ ಹತ್ತಿದ್ದಾರೆ." ಕಳಿಸಿಬಿಡುತ್ತಾರೆ. ಆಮೇಲೂ ಕೂರುವುದಿಲ್ಲ. ಹನ್ನೆರಡಕ್ಕೆ ಹೊರಗೆ ಹೋಗಿ ಆಕಾಶ ನೋಡುತ್ತಾರೆ, ಒಂದಕ್ಕೆ ಮತ್ತೆ ನೋಡುತ್ತಾರೆ. ಎರಡು ಸಲವೂ ಅದೇ ಕತ್ತಲು. "ಮನಸ್ಸಿಗೆ ಬ್ರೇಕ್ ಇಲ್ಲ ನೋಡಿ. ಸ್ಕೂಟರೇ ವಾಸಿ," ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ನಾಲ್ಕು ಗಂಟೆಗೆ ಕ್ಲಬ್ಬಿನ ತೀರ್ಮಾನ ಬರುತ್ತದೆ. ಕನ್ನಡಕ ಎಲ್ಲೋ ಕಳೆದಿದೆ, ಫೋನನ್ನು ಕೈಯುದ್ದಕ್ಕೆ ಹಿಡಿದು ಜೋರಾಗಿ ಓದುತ್ತಾರೆ: "ಸ್ಟಿಗ್‌ನೂಟನ್, ಜನವರಿ 14. ಧ್ರುವರಾತ್ರಿಯ ಆರೋಹಣವೆಂದು ಮಾನ್ಯ. ಚಳಿಗಾಲದ ಆರೋಹಣವೆಂದು ಮಾನ್ಯವಿಲ್ಲ. ಕಾರಣ: ರಾಗ್ನಾ ಟ್ವೈಟ್ ಅವರು ನವೆಂಬರ್ 24ರಂದು ಇಟ್ಟ ದಾಸ್ತಾನು."

ಇಪ್ಪತ್ತಾರು ವರ್ಷದಲ್ಲಿ ಇವರ ದಾಸ್ತಾನು ತಿಂದು ಶಿಖರ ಮುಟ್ಟಿದವರು ನಲವತ್ತಕ್ಕೂ ಹೆಚ್ಚು ತಂಡ. ಆ ಯಾವ ದಾಖಲೆಯಲ್ಲೂ ಈ ಹೆಸರಿಲ್ಲ. ಕ್ಲಬ್ಬಿನ ಪುಸ್ತಕದೊಳಗೆ ಇವರು ಬಂದಿರುವುದು ಇದೇ ಮೊದಲು, ಬಂದಿರುವುದು ಅಡ್ಡಿಯಾಗಿ.

ಬೇಜಾರಾಯಿತೇ ಎಂದರೆ ಫೋನನ್ನು ಮತ್ತೆ ಕೈಯುದ್ದಕ್ಕೆ ಹಿಡಿಯುತ್ತಾರೆ. ಆ ಸಾಲನ್ನು ಇನ್ನೊಮ್ಮೆ ಓದುತ್ತಾರೆ, ಈ ಸಲ ತುಟಿ ಮಾತ್ರ ಆಡಿಸಿ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಒಂದು ಪೆಟ್ಟಿಗೆಯ ಮೇಲೆ ಕೂರುತ್ತಾರೆ.

"ಹೆಸರು ಸರಿಯಾಗಿ ಬರೆದಿದ್ದಾರೆ," ಎನ್ನುತ್ತಾರೆ. "ತಾರೀಖೂ ಸರಿಯಾಗಿದೆ."