ಹುನಗುಂದಕ್ಕೆ ಮುಟ್ಟಿತೇನು?

ಕೈಯಲ್ಲಿ ಫೋನ್ ಇಲ್ಲದಾಗಲೂ ಅಕ್ಕಾವ್ರ ಎಡಭುಜ ಕಿವಿಯ ಕಡೆಗೆ ಏರಿಯೇ ಇರುತ್ತಿತ್ತು. ಎರಡೂ ಕೈ ಕೀಬೋರ್ಡಿನ ಮೇಲೆ, ರಿಸೀವರ್ ಭುಜಕ್ಕೂ ಕೆನ್ನೆಗೂ ನಡುವೆ. ಹೀಗೆ ವರ್ಷಗಟ್ಟಲೆ ಕೂತು ಅವರ ಮೈ ಆ ಕಡೆಗೇ ವಾಲಿಬಿಟ್ಟಿತ್ತು. ದಿನಾ ಕಮತಗಿಯಿಂದ ಬಸ್ಸಿನಲ್ಲಿ ಬರುವಾಗಲೂ ಯಾರದೋ ಮಾತು ಕೇಳಿಸಿಕೊಳ್ಳುತ್ತಿರುವವರಂತೆ ಕೂತಿರುತ್ತಿದ್ದರು.

ಅವರು ನಮ್ಮ ಆಸ್ಪತ್ರೆಗಳ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ಬಾಗಲಕೋಟೆಯಲ್ಲಿ ದೊಡ್ಡ ಆಸ್ಪತ್ರೆ. ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಒಂದೊಂದು ಶಾಖೆ. ಇಳಕಲ್ಲಿನದನ್ನು ನೋಡಿಕೊಳ್ಳುವವನು ನಾನು. ಒಂದು ಕಾಲಕ್ಕೆ ನಾಲ್ಕಕ್ಕೂ ಬೇರೆ ಬೇರೆ ಧಣಿಗಳು, ಆಮೇಲೆ ಎಲ್ಲ ಒಂದೇ ಟ್ರಸ್ಟಿಗೆ ಸೇರಿದವು. ಹಾಗಾಗಿ ನೆಟ್‌ವರ್ಕಿನಲ್ಲೂ ನಾಲ್ಕು ಡೊಮೇನು, ಒಂದೇ ವಾಡೆಯಲ್ಲಿ ನಾಲ್ಕು ಸಂಸಾರ ಇದ್ದಂತೆ. ಯಾರು ನಮ್ಮವರು, ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂಬುದನ್ನೆಲ್ಲ ಸರ್ವರುಗಳೊಳಗಿನ ಡೈರೆಕ್ಟರಿ ನೆನಪಿಟ್ಟುಕೊಂಡಿರುತ್ತದೆ. ಬಾಗಲಕೋಟೆಯಲ್ಲಿ ಅದಕ್ಕೊಂದು ಬದಲಾವಣೆ ಮಾಡಿದರೆ ಅದು ಉಳಿದ ಊರುಗಳಿಗೆ ತಾನಾಗಿ ಹೋಗಿ ಮುಟ್ಟಬೇಕು. ಈ ‘ತಾನಾಗಿ’ ಎಂಬ ಮಾತಿನ ಮೇಲೆ ಅಕ್ಕಾವ್ರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ.

ಪ್ರತಿಸಲ ಫೋನ್ ಬರುತ್ತಿತ್ತು. “ಮುಟ್ಟೇತೇನಪಾ?”

ಹೊಸದರಲ್ಲಿ ನಾನೊಮ್ಮೆ ಚಹಾ ಕುಡಿಯುತ್ತಲೇ “ಮುಟ್ಟಿರಬೇಕ್ರಿ ಅಕ್ಕಾವ್ರ” ಅಂದೆ.

“ಇರಬೇಕು ಅನ್ನೂದನ್ನ ನಿಮ್ಮ ಅತ್ತಿ ಮನಿಯಾಗ ಹೇಳು. ಚಾ ಕೆಳಗಿಡು, ನೋಡಿ ಹೇಳು.”

ಚಹಾದ ಸಂಗತಿ ಅವರಿಗೆ ಹೇಗೆ ತಿಳಿಯಿತೋ! ನೋಡಿದರೆ ಮುಟ್ಟಿರಲಿಲ್ಲ. ಇವತ್ತು ನನಗೆ ಬರುವ ಕೆಲಸವೆಲ್ಲ ಶುರುವಾದದ್ದು ಆ ಬೈಗುಳದಿಂದಲೇ.

ಸರ್ವರುಗಳ ಆಪರೇಟಿಂಗ್ ಸಿಸ್ಟಮ್ ಬದಲಾಯಿಸುವ ಕಾಲ ಬಂತು. ಹೊಸದನ್ನು ಹಾಕುವ ಮೊದಲು ಡೈರೆಕ್ಟರಿಯನ್ನು ಅದಕ್ಕೆ ಅಣಿಗೊಳಿಸಬೇಕು. ಮೊದಲು ಬಾಗಲಕೋಟೆಯ ಮೂಲದಲ್ಲಿ, ಅದು ಎಲ್ಲ ಊರಿಗೂ ಮುಟ್ಟಿದ ಮೇಲೆ ಒಂದೊಂದೇ ಡೊಮೇನಿನಲ್ಲಿ. ಅಕ್ಕಾವ್ರು ಮೂಲದ ಕೆಲಸ ಮುಗಿಸಿದರು. ಬಾದಾಮಿಗೆ ಮುಟ್ಟಿತು, ನಮಗೂ ಮುಟ್ಟಿತು. ಹುನಗುಂದದಲ್ಲಿ ರಸ್ತೆ ಅಗೆಯುವವರು ಕೇಬಲ್ ಕಡಿದು ಹಾಕಿದ್ದರು. ಟ್ರಸ್ಟಿನ ಅಧ್ಯಕ್ಷರು ಬಂದು ಹೊಸ ಸರ್ವರಿಗೆ ಹಾರ ಹಾಕುವ ದಿನ ಮಾತ್ರ ಆಗಲೇ ನಿಗದಿಯಾಗಿತ್ತು.

ಮುಂದೇನೆಂದು ತೀರ್ಮಾನಿಸಲು ಬಾಗಲಕೋಟೆಯಲ್ಲಿ ಕರೆದ ಸಭೆಯಲ್ಲಿ ನಾನೂ ಇದ್ದೆ. “ಮೂರು ಊರಾಗ ಆಗೇತಲ್ಲ, ನಡಸ್ರಿ ಮುಂದ,” ಎಂದರು ಆಡಳಿತಾಧಿಕಾರಿ.

“ಹುನಗುಂದಕ್ಕ ಮುಟ್ಟಿಲ್ರಿ. ಮುಟ್ಟೂತನಾ ನಾ ಕೈ ಹಚ್ಚಂಗಿಲ್ಲ,” ಎಂದರು ಅಕ್ಕಾವ್ರು.

“ಒಂದು ಸಣ್ಣ ಊರಿನ ಸಲುವಾಗಿ ಅಧ್ಯಕ್ಷರನ್ನ ಕಾಯಸ್ತೀರೇನು?”

“ಸಣ್ಣ ಊರಾಗ ಜಡ್ಡೂ ಸಣ್ಣವು ಇರ್ತಾವೇನ್ರಿ?”

ಸಾಹೇಬರ ಮುಖ ಕೆಂಪೇರಿತು. ಮರುದಿನವೇ ಹೊರಗಿನ ಕಂಪನಿಯವರು ಬಂದು ಅಕ್ಕಾವ್ರ ಕುರ್ಚಿಯಲ್ಲಿ ಕೂತರು. ಹುನಗುಂದ ಉತ್ತರ ಕೊಡುತ್ತಿಲ್ಲವೆಂದು ಡೈರೆಕ್ಟರಿಯಿಂದ ಹುನಗುಂದದ ಡೊಮೇನನ್ನೇ ಅಳಿಸಿ ಹಾಕಿದರು. ಅಡ್ಡಿ ತೀರಿತು. ಹಾರ ಬಿತ್ತು, ಪೇಢೆ ಹಂಚಿದರು.

ಕೇಬಲ್ ಸರಿಯಾದಾಗ ಹುನಗುಂದದ ಡಾಕ್ಟರು, ನರ್ಸು ಯಾರೊಬ್ಬರ ಗುರುತೂ ಬಾಗಲಕೋಟೆಯ ಸರ್ವರಿಗೆ ಉಳಿದಿರಲಿಲ್ಲ. ಬಾಗಲಕೋಟೆಯಲ್ಲಿ ಸ್ಕ್ಯಾನ್ ಮಾಡಿಸಿದ್ದ ಒಬ್ಬ ಹೆಂಗಸು, ಅದು ಹುನಗುಂದದಲ್ಲಿ ತೆರೆಯದ್ದರಿಂದ, ಹೊಟ್ಟೆ ಹಿಡಿದುಕೊಂಡೇ ಮತ್ತೆ ಬಸ್ ಹತ್ತಿದಳು. ಅಳಿಸಿದ್ದನ್ನು ಕಟ್ಟಿಕೊಡುವುದು ಕಂಪನಿಯವರಿಗೆ ಬರಲಿಲ್ಲ. ಅಕ್ಕಾವ್ರೇ ಹುನಗುಂದಕ್ಕೆ ಹೋಗಿ ಕೂತು ಒಬ್ಬೊಬ್ಬರ ಹೆಸರನ್ನೂ ಹೊಸದಾಗಿ ಸೇರಿಸಿದರು. ಅದೆಲ್ಲ ಮುಗಿಯುವವರೆಗೆ ಸುಮ್ಮನಿದ್ದ ಸಾಹೇಬರು, ಆಮೇಲೆ ವಿಳಂಬಕ್ಕೂ ಗೊಂದಲಕ್ಕೂ ಅವರೇ ಹೊಣೆಯೆಂದು ಆದೇಶ ಹೊರಡಿಸಿ, ಅವರನ್ನು ಚಾದರ ದಿಂಬು ಇಡುವ ಕೋಣೆಯ ಉಸ್ತುವಾರಿಗೆ ಹಾಕಿದರು. ಆ ಆದೇಶ ನಾಲ್ಕೂ ಊರಿಗೆ ಅದೇ ದಿನ ಮುಟ್ಟಿತು.

ನೋಡಲು ಹೋದೆ. ಮಡಚಿಟ್ಟ ಚಾದರಗಳ ನಡುವೆ ಕೂತಿದ್ದರು. ಮೇಜಿನ ಮೇಲೆ ಫೋನ್ ಇರಲಿಲ್ಲ. ಭುಜ ಮಾತ್ರ ಏರಿಯೇ ಇತ್ತು. ನನಗೆ ಸಿಟ್ಟು ತಡೆಯಲಾಗಲಿಲ್ಲ.

“ಜಗಳಾ ತಗೀರಿ ಅಕ್ಕಾವ್ರ.”

“ತಗದೇನಲ್ಲೋ. ಅದಕ್ಕ ಇಲ್ಲಿ ಕುಂತೇನಿ,” ಎಂದು ನಕ್ಕರು. ಹೊರಡುವಾಗ ಕೇಳಿದರು, “ಹುನಗುಂದ ಈಗ ಬರೋಬ್ಬರಿ ಐತೇನು?”

“ಐತ್ರಿ. ನೋಡೇ ಬಂದೇನಿ.”

ಅವರ ಮುಖ ಅರಳಿತು. ಅಷ್ಟು ಮಾಡಿಸಿಕೊಂಡು ಅಲ್ಲಿಗೆ ತಂದು ಕೂರಿಸಿದವರ ಆಸ್ಪತ್ರೆಯ ಸಲುವಾಗಿ ಅವರಿಗೆ ಇನ್ನೂ ಆ ಖುಷಿ ಯಾಕೆ ಆಗಬೇಕಿತ್ತು ಎಂದು ನನಗೆ ಇವತ್ತಿಗೂ ಸಿಟ್ಟಿದೆ.

ಹೋದ ಬೇಸಿಗೆಯಲ್ಲಿ ಇಳಕಲ್ಲಿನ ಸರ್ವರು ಕೈಕೊಟ್ಟಾಗ ಅವರ ಮೊಬೈಲಿಗೆ ಫೋನ್ ಮಾಡಿದೆ. ಬಂದ್ ಇತ್ತು. ಮರುದಿನವೂ ಬಂದ್ ಇದ್ದಾಗ ಬಾಗಲಕೋಟೆಯ ಕಚೇರಿಗೆ ಮಾಡಿದೆ.

“ಅಕ್ಕಾವ್ರು ತೀರ್ಕೊಂಡು ತಿಂಗಳ ಮ್ಯಾಲಾತಲ್ರಿ. ಎದಿ ನೋವು ಅಂದ್ರು, ಅಷ್ಟ,” ಎಂದ ಅಲ್ಲಿನ ಗುಮಾಸ್ತ.

“ನಮಗ್ಯಾಕ ಹೇಳಲಿಲ್ಲ?”

“ನಿಮಗೂ ಮುಟ್ಟಿರಬೇಕು ಅನ್ಕೊಂಡಿದ್ವಿ.”

ಫೋನ್ ಇಟ್ಟು ಬಾದಾಮಿಗೆ ಮಾಡಿದೆ, ಆಮೇಲೆ ಹುನಗುಂದಕ್ಕೆ. ಎರಡೂ ಕಡೆ ಮುಟ್ಟಿರಲಿಲ್ಲ.