ನೆಲ ಮುಟ್ಟದ ಪೇಟ

ಮಂಡಿ ಮೊಹಲ್ಲಾದ ನಮ್ಮ ಎದುರುಮನೆಯ ಅಕ್ಕ ಭಾರತ ಮಹಿಳಾ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಬಾಳೆಹಣ್ಣು ಕೊಡಿ, ಮಗು ಕೊಡಿ, ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೆ ಅವುಚಿಕೊಳ್ಳುವುದು ಅವರ ರೂಢಿ. ಯಾರಾದರೂ "ಜೋಪಾನ" ಅಂದರೆ, "ನಾನು ಬುಡಲ್ಲ ಕಣ್ರೀ" ಅನ್ನುತ್ತಿದ್ದರು.

ಹೊರದೇಶದಲ್ಲಿ ಆಡಿ ಗೆದ್ದು ಬಂದಾಗ ಬೀದಿಯವರೆಲ್ಲ ಸೇರಿ ಸನ್ಮಾನ ಇಟ್ಟುಕೊಂಡೆವು. ಶಾಲು ಹೊದಿಸಿದ ಮೇಲೆ ಮೈಸೂರು ಪೇಟ ತೊಡಿಸಿದೆವು. ಅದನ್ನು ತಂದ ನಮ್ಮ ಬೀದಿ ಸಂಘದ ಅಧ್ಯಕ್ಷರು ಅಂಗಡಿಯಲ್ಲಿ ತಮ್ಮದೇ ದಪ್ಪ ತಲೆಗೆ ಅಳತೆ ನೋಡಿದ್ದರು. ಅಕ್ಕ ನಮಸ್ಕಾರಕ್ಕೆ ಬಾಗಿದ್ದೇ ತಡ, ಪೇಟ ಜಾರಿತು. ನಾವು ಅಯ್ಯೋ ಅನ್ನುವಷ್ಟರಲ್ಲಿ ಮುಂದಕ್ಕೆ ಧುಮುಕಿ, ಅದನ್ನು ಎದೆಗೆ ಅವುಚಿಕೊಂಡು ವೇದಿಕೆಯ ಮೇಲೆ ಉದ್ದಕ್ಕೆ ಬಿದ್ದಿದ್ದರು.

"ಬುಡಲ್ಲ ಅಂದಿದ್ನಲ್ಲ" ಎಂದರು, ಬಿದ್ದಲ್ಲಿಂದಲೇ.

ಅವರ ಪಂದ್ಯಗಳು ಟೀವಿಯಲ್ಲಿ ಬರುತ್ತಿರಲಿಲ್ಲ. ದೇಶಕ್ಕಾಗಿ ಅವರು ಆಡಿದ್ದನ್ನು ನಮ್ಮ ಬೀದಿ ಒಮ್ಮೆಯೂ ನೋಡಿರಲಿಲ್ಲ. ಅವತ್ತು ನೋಡಿತು.